ಮೂರನೇ ಪಿನ್ನು

ಮಾರ್ಚ್ ೧೪, ಶನಿವಾರ

ಬಲಗೈ ಊದಿಕೊಂಡಿದೆ, ಪೆನ್ನು ನಿಲ್ಲುತ್ತಿಲ್ಲ. ವಾರದಿಂದ ನನ್ನ ಗಿಟಾರಿನ ಸದ್ದು ಹಿಗ್ಗಿಸುವ ಆಂಪ್ ಗುಂಯ್‌ಗುಡುತ್ತ ತಲೆ ತಿನ್ನುತ್ತಿತ್ತು. ನಿನ್ನೆ ರೋಸಿಹೋಗಿ ಅದರ ಪ್ಲಗ್ಗಿನ ಮೂರನೇ ಪಿನ್ನನ್ನು, ಅದೇ ಅರ್ಥಿಂಗಿನದನ್ನು, ಇಕ್ಕಳದಿಂದ ಕಿತ್ತೆ. ಗುಂಯ್ ನಿಂತಿತು. ಯಾರಿಗೂ ಹೇಳಲಿಲ್ಲ.

ಇವತ್ತು ತಾಲೀಮಿನಲ್ಲಿ ಅಕ್ಕ ನನ್ನ ಗಿಟಾರ್ ಹಿಡಿದು ಮೈಕಿಗೆ ತುಟಿ ತಾಗಿಸಿದಳು. ಚಟ್ ಎಂದು ಕಿಡಿ ಹಾರಿತು, ಗೋಡೆಗೆ ಬಡಿದು ಬಿದ್ದಳು. ಮೈಕು ಜೋಡಿಸಿದ್ದವರು ಭಾವ. ಹಿಂದೆಮುಂದೆ ನೋಡದೆ ಅವರ ಬಾಯಿಗೇ ಗುದ್ದಿದೆ.

"ನಮ್ಮಕ್ಕನ್ನ ಸಾಯಿಸ್ತಿದ್ದೆಯಲ್ಲೋ!"

ಭಾವನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಹಲ್ಲು ಮುರಿದು ನೆಲಕ್ಕೆ ಬಿತ್ತು. ಇನ್ನೂ ಎರಡು ಬಿಗಿದೆ.

ಅವರು ತಿರುಗಿ ಹೊಡೆಯಲಿಲ್ಲ. ರಕ್ತ ಉಗಿದು, ತೆವಳಿಕೊಂಡು ಹೋಗಿ ಆಂಪಿನ ಪ್ಲಗ್ ಕಿತ್ತು ತೋರಿಸಿದರು. "ಮೂರನೇ ಪಿನ್ ಎಲ್ಲೋ?"

ನನ್ನ ಜೇಬಿನಲ್ಲಿತ್ತು. ಆಂಪಿನಿಂದ ಸೋರಿದ ಕರೆಂಟು ನೆಲಕ್ಕಿಳಿಯಲು ಬೇರೆ ದಾರಿಯಿಲ್ಲದೆ, ಗಿಟಾರಿನ ತಂತಿಯಿಂದ ಅಕ್ಕನ ಕೈಗೆ ಹತ್ತಿ, ಅವಳ ತುಟಿಯಿಂದ ಮೈಕಿಗೆ ಹೋಗಿತ್ತು.

ಸುಟ್ಟ ತುಟಿಯಲ್ಲೇ ಅವಳು ಕೇಳಿದಳು, "ಈಗ ನಿನಗೆ ಯಾರು ಹೊಡೀಬೇಕೋ?"

ಸಂಜೆ ಹೊಸ ಪ್ಲಗ್ ಹಾಕಿದೆ. ಗುಂಯ್ ಮತ್ತೆ ಬಂತು. ನೋಡಿದರೆ ಗಿಟಾರಿನ ಕೇಬಲ್ಲು ಕರೆಂಟಿನ ವೈರಿಗೆ ಸುತ್ತಿಕೊಂಡು ಬಿದ್ದಿತ್ತು. ಬಿಡಿಸಿ ಒಂದು ಗೇಣು ಆಚೆ ಸರಿಸಿದೆ, ನಿಂತುಹೋಯಿತು. ಒಂದೇ ಒಂದು ಗೇಣು.

ಈಗ ಮನೆ ಎಷ್ಟು ನಿಶ್ಶಬ್ದವಾಗಿದೆಯೆಂದರೆ, ಪಕ್ಕದ ಕೋಣೆಯಲ್ಲಿ ಭಾವ ಬಾಯಿ ಮುಕ್ಕಳಿಸುವುದೂ ಕೇಳಿಸುತ್ತಿದೆ.