ಎರಡನೇ ನಳಿಕೆಯ ಉಗುಳು

ಉಗಾರ ಬುದ್ರುಕ, ತಾ. ಕಾಗವಾಡ
ಶುಕ್ರವಾರ, 18 ಜುಲೈ 2025

ಪ್ರೀತಿಯ ಸ್ನೇಹಲ,

ಹೇಗಿದ್ದೀಯವ್ವ? ನನ್ನ ಮೊಮ್ಮಗಳು ಮೇಘಾಳ ಕೆಮ್ಮು ನಿಂತಿತೇ? ಔಷಧದಂಗಡಿಯಲ್ಲಿ ಕೆಲಸ ಮಾಡುವ ಮಗಳಿಗೆ ಕೆಮ್ಮಿನ ಮದ್ದು ಹೇಳಿಕೊಡುವ ಧೈರ್ಯ ನನಗಿಲ್ಲ. ಆದರೂ ಮಲಗುವಾಗ ಅವಳಿಗೆ ಅರಿಸಿನದ ಹಾಲು ಕೊಡು, ನಿಮ್ಮ ಮಾಲೀಕರಿಗೆ ಹೇಳಬೇಡ. ನಿನ್ನ ಹಾರೂಗೇರಿಯ ಬಾಡಿಗೆ ಖೋಲಿ ಈ ಮಳೆಗೆ ಸೋರುವುದಿಲ್ಲವಷ್ಟೆ? ನೀನು ಗಂಡನ ಮನೆ ಬಿಟ್ಟು ಬಂದು ಎರಡು ವರ್ಷವಾಯಿತು, ಒಮ್ಮೆಯೂ ನಾನು ಆ ಖೋಲಿಯನ್ನು ನೋಡಿಲ್ಲ. ಕೂತಲ್ಲೇ ಅದರ ಗೋಡೆಗೆ ದಿನಕ್ಕೊಂದು ಬಣ್ಣ ಹಚ್ಚುತ್ತೇನೆ. ನಾನು ಆರಾಮ ಇದ್ದೇನೆ. ಎಡ ಮೊಣಕಾಲು ಮಾತ್ರ ಏಳುವಾಗ, ಕೂಡುವಾಗ ತನ್ನ ಅಭಿಪ್ರಾಯ ಹೇಳುತ್ತದೆ. ಈ ಮನೆಯಲ್ಲಿ ಕೇಳದೆ ಅಭಿಪ್ರಾಯ ಹೇಳುವ ಅಧಿಕಾರ ನಿಮ್ಮಪ್ಪನನ್ನು ಬಿಟ್ಟರೆ ಅದಕ್ಕೊಂದಕ್ಕೇ.

ಫೋನು ಸತ್ತಿತೇ, ಕಾಗದ ಯಾಕೆ ಎಂದು ಕೇಳಬೇಡ. ಫೋನು ಹಚ್ಚಿದರೆ ನಿಮ್ಮಪ್ಪ ‘ಸ್ಪೀಕರ್ ಹಾಕು’ ಅನ್ನುತ್ತಾರೆ. ಕಾಗದಕ್ಕೆ ಸ್ಪೀಕರ್ ಇಲ್ಲ. ಅದಕ್ಕಿಂತ ದೊಡ್ಡ ಕಾರಣ, ನಿಮ್ಮಪ್ಪನ ವಕೀಲರು ‘ಮಗಳನ್ನ ಪ್ರೀತಿಯಿಂದ ಕರದೀವಿ ಅನ್ನಾಕ ಒಂದು ಬರದದ್ದು ಇರಲಿ’ ಎಂದಿದ್ದಾರೆ. ಆದ್ದರಿಂದ ವಕೀಲರ ಸಲಹೆಯ ಮೇರೆಗೆ ನಾನು ನಿನ್ನನ್ನು ಪ್ರೀತಿಸುತ್ತಿದ್ದೇನೆ, ದಯವಿಟ್ಟು ಸ್ವೀಕರಿಸು.

ಶ್ರೀಮಾನ್ ಕಾಕಾಸಾಹೇಬರ, ಅಂದರೆ ನಿಮ್ಮಪ್ಪನವರ, ಅಪ್ಪಣೆ ಹೀಗಿದೆ. ಹೊಲವೆಲ್ಲ ನಿಮ್ಮಣ್ಣ ಉತ್ತಮನ ಹೆಸರಿಗೆ ಆಗಬೇಕು. ಕಾನೂನಿನ ಪ್ರಕಾರ ಅದರಲ್ಲಿ ನಿನಗೂ ಪಾಲಿದೆಯಂತೆ, ವಾಟಣಿ ಮಾಡಿ ಹೊಲ ಹಂಚಿದರೆ ನನಗೂ ಇದೆಯಂತೆ. ಇದು ತಿಳಿದ ದಿನ ನಿಮ್ಮಪ್ಪ ರಾತ್ರಿ ಊಟ ಬಿಟ್ಟರು. ಈಗ ನೀನು ಪಂಚಮಿಗೆ ಬರಬೇಕು. ಜೋಕಾಲಿ ಆಡಬೇಕು, ಉಂಡಿ ತಿನ್ನಬೇಕು, ಮರುದಿನ ನನ್ನ ಜತೆ ಕಾರಿನಲ್ಲಿ ಅಥಣಿಯ ನೋಂದಣಿ ಕಚೇರಿಗೆ ಹೋಗಿ ಹಕ್ಕಸೋಡಕ್ಕೆ ಸಹಿ ಮಾಡಬೇಕು. ‘ನನ್ನ ಪಾಲು ನನಗೆ ಬೇಡ, ಅಣ್ಣನಿಗೇ ಇರಲಿ’ ಎಂದು ಸಂತೋಷದಿಂದ ಬರೆದುಕೊಡುವುದಕ್ಕೆ ಹಾಗೆನ್ನುತ್ತಾರೆ. ಸಂತೋಷವನ್ನು ನಾವು ಮನೆಯಿಂದ ಒಯ್ಯಬೇಕಾಗಿಲ್ಲ, ಕಾಗದದಲ್ಲೇ ಅಚ್ಚು ಹಾಕಿರುತ್ತಾರೆ. ನೀನು ಕೇಳಿದ್ದು ಹೊಳೆ ಕಡೆಯ ತುಂಡಿನಲ್ಲಿ ಎರಡು ಖೋಲಿ ಕಟ್ಟುವಷ್ಟು ಜಾಗ, ನನಗೆ ಮರೆತಿಲ್ಲ. ಅದಕ್ಕೆ ನಿಮ್ಮಪ್ಪ ಕೊಟ್ಟ ಉತ್ತರವೂ ಮರೆತಿಲ್ಲ: ‘ಹಬ್ಬಕ್ಕ ಬಂದಾಕಿ ಹಬ್ಬ ಮುಗದ ಮ್ಯಾಲ ಹೋಗಬೇಕು.’

ಇನ್ನು ಮನೆಯ ಮಹಾವಾರ್ತೆ. ನಿಮ್ಮಪ್ಪನ ಅಣ್ಣತಮ್ಮಂದಿರ ಮನೆಗಳೆಲ್ಲ ಸೇರಿ ಕುಲದ ಇತಿಹಾಸ ಅಚ್ಚು ಹಾಕಿಸಲು ಹೊರಟಿವೆ. ನಮ್ಮ ಮೂಲಪುರುಷ ಉತ್ತರದಿಂದ ಕುದುರೆ ಏರಿ ಬಂದು, ಕೃಷ್ಣೆಯ ದಂಡೆಯಲ್ಲಿ ಇಳಿದು, ‘ಇಲ್ಲಿಂದ ಅಲ್ಲೀತನಕ ನನ್ನದು’ ಎಂದನೆಂದು ನೀನೂ ಚಿಕ್ಕಂದಿನಿಂದ ಕೇಳಿದ್ದೀ. ಇದಕ್ಕೆ ವೈಜ್ಞಾನಿಕ ಆಧಾರ ಬೇಕೆಂದು ನಿಮ್ಮಪ್ಪನ ಆಸೆ. ಪುಣೆಯಲ್ಲಿ ಜೀವಶಾಸ್ತ್ರ ಓದುವ ನಿಮ್ಮ ಚಿಕ್ಕಪ್ಪನ ಮಗ ನಿಖಿಲ ಈ ಬೇಸಿಗೆಯಲ್ಲಿ ಡಿಎನ್‌ಎ ಪರೀಕ್ಷೆಯ ಪೆಟ್ಟಿಗೆ ತಂದ. ನಳಿಕೆಯಲ್ಲಿ ಉಗುಳಿ ಕಳಿಸಿದರೆ ನಮ್ಮ ಹಿರಿಯರು ಯಾವ ದಾರಿಯಿಂದ ಬಂದರೆಂದು ಹೇಳುತ್ತಾರಂತೆ. ಒಂದು ಕೊಂಡರೆ ಇನ್ನೊಂದು ಪುಕ್ಕಟೆ ಎಂಬ ಯೋಜನೆಯಿತ್ತಾದ್ದರಿಂದ ನಳಿಕೆ ಎರಡು ಬಂದಿದ್ದವು. ಮೊದಲನೆಯದಕ್ಕೆ ನಿಮ್ಮಪ್ಪ ಪಟಕಾ ಸುತ್ತಿಕೊಂಡು, ಪೂರ್ವಕ್ಕೆ ಮುಖ ಮಾಡಿ ಉಗುಳಿದರು. ಎರಡನೆಯದರ ಹೊತ್ತಿಗೆ ಉತ್ತಮನ ಬಾಯಲ್ಲಿ ಗುಟಕಾ ಇದ್ದು ಅವನು ಅನರ್ಹನಾದ. ‘ಹೋಗ್ಲಿ, ಆಕೀನ ಉಗುಳ್ಲಿ. ಸುಮ್ನ ದಂಡ ಆಗೂದು ಬ್ಯಾಡ’ ಎಂದರು ನಿಮ್ಮಪ್ಪ. ಮದುವೆಯಾಗಿ ಬಂದಮೇಲೆ ಈ ಮನೆತನದಲ್ಲಿ ನನಗೆ ದೊರೆತ ಮೊದಲ ಅಧಿಕೃತ ಅವಕಾಶ. ನುಂಗಿ ನುಂಗಿ ರೂಢಿಯಾದ ಬಾಯಿ, ನಳಿಕೆ ತುಂಬಲು ಹೊತ್ತು ಹಿಡಿಯಿತು.

ಫಲಿತಾಂಶ ಬಂದಾಗ ಅಂಗಳದ ತುಂಬ ಜನ. ನಿಖಿಲ ಫೋನಿನಲ್ಲಿ ನೋಡಿ ಓದಿದ. ನಿಮ್ಮಪ್ಪನ ಗಂಡು ಸಾಲು, ಅಂದರೆ ಅಪ್ಪ, ಅಪ್ಪನ ಅಪ್ಪ, ಅವನ ಅಪ್ಪ ಎಂದು ಹಿಂದೆ ಹೋಗುವ ಸಾಲು, ವಾಯವ್ಯದ ಆಚೆಯ ದೊಡ್ಡ ಹುಲ್ಲುಗಾವಲಿನ ಜನರದ್ದಂತೆ. ಅವರು ಮೂರೂವರೆ-ನಾಲ್ಕು ಸಾವಿರ ವರ್ಷದ ಹಿಂದೆ ಈ ಕಡೆ ಬಂದರಂತೆ. ಚಪ್ಪಾಳೆಯಾಯಿತು. ‘ಸರದಾರರಽ ಹೌದಿಲ್ಲೋ?’ ಎಂದರು ನಿಮ್ಮಪ್ಪ. ‘ದನ-ಕುರಿ ಕಾಯವರರೀ, ದೊಡ್ಡಪ್ಪ’ ಎಂದ ನಿಖಿಲ. ನಿಮ್ಮಪ್ಪ ಪಟಕಾ ಸರಿಪಡಿಸಿಕೊಂಡರು. ‘ಕುದರೀ ಏನೂ ಬರದಿಲ್ಲೇನಲೇ?’ ‘ಕುದರೀನೂ ಇದ್ವರಿ.’ ಕುದುರೆ ಇತಿಹಾಸಕ್ಕೆ ಸೇರಿತು, ಕುರಿ ಹೊರಗುಳಿಯಿತು.

ಆಮೇಲೆ ನನ್ನದು. ಪುಕ್ಕಟೆ ಬಂದದ್ದಾದ್ದರಿಂದ ಅಷ್ಟರಲ್ಲಿ ಅರ್ಧ ಜನ ಚಹಾಕ್ಕೆ ಎದ್ದಿದ್ದರು. ನನ್ನ ಹೆಣ್ಣು ಸಾಲು, ಅವ್ವ, ಅವ್ವನ ಅವ್ವ, ಅವಳ ಅವ್ವ, ಎಲ್ಲಿಂದಲೂ ಬಂದೇ ಇಲ್ಲವಂತೆ. ಬಂದಿದ್ದರೂ ಐವತ್ತು ಸಾವಿರ ವರ್ಷದ ಹಿಂದೆ, ಮನುಷ್ಯ ಎಂಬುವವನು ಈ ನೆಲಕ್ಕೆ ಮೊದಲ ಸಲ ಕಾಲಿಟ್ಟಾಗ. ಗೋದಿ ಬಿತ್ತುವವರು ಬರುವ ಮೊದಲು, ಕುದುರೆ ಬರುವ ಮೊದಲು, ನಮ್ಮ ಅಜ್ಜಿಯರು ಇಲ್ಲಿ ಗೆಣಸು ಅಗೆಯುತ್ತಿದ್ದರು. ನಿಮ್ಮಪ್ಪನ ಅವ್ವನ ಸಾಲೂ ಹಾಗೇ ಬಂದಿತ್ತು. ಅದನ್ನು ಓದಹೋದಾಗ ‘ಸಾಕು, ರೇಂಜ್ ಹೋಗಾಕತ್ತೈತಿ’ ಎಂದು ಫೋನು ಇಸಿದುಕೊಂಡರು. ನಿಖಿಲ ನನಗೆ ಅಡಿಗೆಮನೆಯಲ್ಲಿ ಬಿಡಿಸಿ ಹೇಳಿದ. ‘ಆಗ ಬಂದವರಾಗ ಗಂಡಸರಽ ಭಾಳ ಇದ್ರು, ದೊಡ್ಡವ್ವ. ಹೆಣ್ಮಕ್ಕಳು ಇಲ್ಲಿಯವರು. ಆಮ್ಯಾಲೆಲ್ಲಾ ಕೂಡಿ ಹೋಗೈತಿ. ನಿನ್ನ ರಕ್ತಾನೂ ದೊಡ್ಡಪ್ಪನ ರಕ್ತಾನೂ ತಿರುಗಾಮುರುಗಾ ಒಂದಽ ಮಿಶ್ರಣ.’ ಇಷ್ಟು ಕಲಿಯಲು ಹುಡುಗ ಪುಣೆಗೆ ಹೋಗಬೇಕಾಯಿತು. ಯಾವ ಸೊಸೆಯನ್ನು ಕೇಳಿದ್ದರೂ ಹೇಳುತ್ತಿದ್ದಳು.

ಅದೇ ಬೇಸಿಗೆಯಲ್ಲಿ ಹೆಳವ ಜಕ್ಕಪ್ಪನೂ ಬಂದ. ಕೆಲವು ವರ್ಷಕ್ಕೊಮ್ಮೆ ಎತ್ತಿನ ಜತೆ ಬಂದು, ಮನೆತನದ ಹೆಸರುಗಳನ್ನೆಲ್ಲ ರಾಗವಾಗಿ ಹೇಳಿ ಜೋಳ ಒಯ್ಯುತ್ತಾನಲ್ಲ, ಅವನೇ. ನಿಮ್ಮಪ್ಪ ಅವನಿಗೆ ನಾಲ್ಕು ಸಾವಿರ ವರ್ಷದ ಹೊಸ ಸುದ್ದಿ ಹೇಳಿ, ‘ಇದನ್ನೂ ಸೇರಸಿ ಹೇಳೋ’ ಎಂದರು. ‘ಅಷ್ಟ ಹಿಂದಿಂದ ಹೇಳಬೇಕಂದ್ರ ಒಂದು ಚೀಲಾ ಜ್ವಾಳ ಸಾಲೂದಿಲ್ರಿ ಸಾಹೇಬ್ರ’ ಎಂದ ಜಕ್ಕಪ್ಪ. ಅಪ್ಪ, ಮುತ್ತಜ್ಜ, ಉತ್ತಮ, ಉತ್ತಮನ ಮೊನ್ನೆ ಹುಟ್ಟಿದ ಮಗ, ಎಲ್ಲರೂ ಅವನ ಹಾಡಿನಲ್ಲಿ ಬಂದರು. ನಾನು ಬಾಗಿಲಲ್ಲಿ ನಿಂತು, ‘ನನ್ನ ಮಗಳ ಹೆಸರು ಹೇಳಲಿಲ್ಲಲ್ಲೋ’ ಎಂದೆ. ‘ಹೆಣ್ಮಕ್ಕಳ ಹೆಸರ ಅವರ ಗಂಡನ ಮನೀ ಹೆಳವ ಹೇಳ್ತಾನ್ರಿ ಅಕ್ಕಾರ’ ಎಂದ. ಪಾಪ, ಅವನಿಗೆ ನಿನ್ನ ಸುದ್ದಿ ಗೊತ್ತಿಲ್ಲ. ‘ಹಂಗಾರ ನಾನು ಈ ಮನೀ ಸೊಸಿ, ನನ್ನ ಹೆಸರ ಹೇಳು.’ ಜಕ್ಕಪ್ಪ ನಿಮ್ಮಪ್ಪನ ಮುಖ ನೋಡಿದ. ಎತ್ತು ನನ್ನ ಮುಖ ನೋಡಿತು. ಐವತ್ತು ಸಾವಿರ ವರ್ಷದಿಂದ ಇಲ್ಲೇ ಇದ್ದವಳಿಗೆ ಅಂದು ಸಿಕ್ಕ ಮಾನ್ಯತೆ ಅಷ್ಟು.

ಸಹಿ ಮಾಡಿದರೆ ತವರು ಉಳಿಯುತ್ತದೆ ಎಂದು ನಿನಗೆ ಬುದ್ಧಿ ಹೇಳಬೇಕಂತೆ. ಹೇಳುತ್ತೇನೆ, ನನಗೆ ಅನುಭವವಿದೆ. ನಿಪ್ಪಾಣಿಯ ನನ್ನ ತವರಿನ ತಂಬಾಕಿನ ಹೊಲಕ್ಕೆ ನಾನೂ ಹಕ್ಕಸೋಡ ಬರೆದುಕೊಟ್ಟವಳು. ನಿನ್ನ ಸೋದರಮಾವಂದಿರು ಅಂದು ನನ್ನನ್ನು ಮೋಟಾರಿನಲ್ಲಿ ಒಯ್ದರು, ಹಸಿರು ಇಳಕಲ್ ಸೀರೆ ಉಡಿಸಿದರು, ಖಾನಾವಳಿಯಲ್ಲಿ ಹೋಳಿಗೆ ಉಣ್ಣಿಸಿದರು. ಬರುವಾಗ ಬಸ್ ಸ್ಟ್ಯಾಂಡಿನಲ್ಲಿ ಇಳಿಸಿ ಹೋದರು. ಆಮೇಲಿನ ಪಂಚಮಿಗೆ ಕರೆಯಲು ಯಾರೂ ಬರಲಿಲ್ಲ. ಮುಂದಿನ ಸಲ ಮರೆತಿದ್ದರು. ಅದರ ಮುಂದೆ ನಾನೇ ಬಾಗಿಲು ನೋಡುವುದನ್ನು ಬಿಟ್ಟೆ. ಸೀರೆ ಚೆನ್ನಾಗಿ ಬಾಳಿಕೆ ಬಂತು, ಸುಳ್ಳು ಹೇಳಬಾರದು.

ಇರಲಿ, ಕರೆಯಲು ಹೇಳಿದ್ದರು, ಕರೆದಿದ್ದೇನೆ. ಹೊಳೆ ಏರುತ್ತಿದೆ, ಕಬ್ಬು ಎದೆಮಟ್ಟ ಬಂದಿದೆ, ಉತ್ತಮನಿಗೆ ಎಲ್ಲ ಕುಶಲ. ಮೇಘಾಳ ನೆತ್ತಿಗೆ ನನ್ನ ಮುತ್ತು. ನಿನ್ನ ಕೈಗೆ ಬಲ ಬರಲಿ.

ನಿನ್ನ ಅವ್ವ,
ಮಂಗಲ

ತಾ.ಕ.: ಮೇಲಿನದನ್ನು ನಿಮ್ಮಪ್ಪನಿಗೆ ನಾನೇ ಓದಿ ಹೇಳಿದೆ, ಅವರಿಗೆ ಎಷ್ಟು ಬೇಕೋ ಅಷ್ಟು. ‘ಛಲೋ ಬರದಿ’ ಎಂದರು. ಇದನ್ನು ಟಪಾಲು ಕಚೇರಿಯ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ, ಪೋಸ್ಟ್‌ಮಾಸ್ತರರು ಬಾಗಿಲು ಹಾಕುತ್ತಿದ್ದಾರೆ. ಸಹಿ ಮಾಡಬೇಡ. ಪಂಚಮಿಗೆ ಬರಬೇಡ, ಉತ್ತಮ ಕಾರು ತಂದರೆ ಹತ್ತಬೇಡ. ಪಂಚಮಿಯ ಹಿಂದಿನ ದಿನ, ಸೋಮವಾರ ಇಪ್ಪತ್ತೆಂಟಕ್ಕೆ ಬೆಳಿಗ್ಗೆ ಬಸ್ಸಿನಲ್ಲಿ ಅಥಣಿಗೆ ಬಾ. ಅಲ್ಲಿ ಬೇರೆ ವಕೀಲರನ್ನು ನೋಡಿ ಬಂದಿದ್ದೇನೆ, ಹೆಂಗಸು. ವಾಟಣಿ ಆಗುವುದಾದರೆ ನಿನ್ನ ಪಾಲು, ನನ್ನ ಪಾಲು ಎರಡೂ ಹೊಳೆ ಕಡೆ ಒಟ್ಟಿಗೆ ಬೇಕೆಂದು ಅರ್ಜಿ ಬರೆಸಿದ್ದೇನೆ. ಮೊದಲು ನನ್ನ ಹೆಸರು, ಕೆಳಗೆ ನಿನ್ನದು. ನನ್ನ ಸಹಿ ಆಗಿದೆ. ಅದು ಗೊತ್ತಾದ ಸಂಜೆಯೇ ನನಗೆ ಈ ಮನೆಯ ಅನ್ನ ಮುಗಿಯುತ್ತದೆ. ಇನ್ನು ನಿನಗೂ ತವರಿಲ್ಲ, ನನಗೂ ಇಲ್ಲ, ಅದಕ್ಕೆ ಅಳುವುದನ್ನು ಅಲ್ಲಿಗೆ ಬರುವ ಮುಂಚೆಯೇ ಮುಗಿಸಿಕೊಂಡು ಬಾ. ಮೇಘಾಳ ಶಾಲೆ ತಪ್ಪಿದರೂ ಅವಳನ್ನು ಕರೆದುಕೊಂಡು ಬಾ. ಅಜ್ಜಿ ಜಗಳ ಆಡಿದ್ದನ್ನು ಆ ಕೂಸು ಒಮ್ಮೆಯೂ ನೋಡಿಲ್ಲ.