ಕೊನೆಯ ಆರು ಪುಟ ಮುಟ್ಟಬೇಡ

ತಮ್ಮಾ,

ಕೆಲಸಕ್ಕೆ ಹೊರಟೆ, ನಿನ್ನ ಎಬ್ಬಿಸಲಿಲ್ಲ. ತಿಂಡಿ ಮುಚ್ಚಿಟ್ಟಿದ್ದೀನಿ.

ಅಪ್ಪನ ಗಡಿಯಾರ ರಿಪೇರಿ ಪುಸ್ತಕದ ಪಿಡಿಎಫ್ ಮತ್ತೆ ಮಾಡಬೇಕು. ಆತುರಗಾರನಿಗೆ ಬುದ್ಧಿಮಟ್ಟ ಅಂತ ಅಪ್ಪ ನಿನ್ನ ನೋಡಿಯೇ ಹೇಳ್ತಿದ್ದರು. ಎಲ್ಲಾ ಪುಟಾನೂ ಒಂದೇ ಏಟಿಗೆ ಬಲಕ್ಕೆ ತಿರುಗಿಸಿಬಿಟ್ಟಿದ್ದೀಯ. ಮೊದಲಿನ ನಲವತ್ತೆಂಟು ನೆಟ್ಟಗಾಗಿವೆ, ಕೊನೆಯ ಆರು ಅಡ್ಡ ಬಿದ್ದಿವೆ.

ಮೂಲ ಫೈಲ್ ತಗೋ. ಕಂಪ್ಯೂಟರಲ್ಲಿ ಟರ್ಮಿನಲ್ ತೆರೆದು, ಈ ಚೀಟಿ ಹಿಂದೆ ಬರೆದಿರೋ ಸಾಲನ್ನ ಇದ್ದ ಹಾಗೇ ಟೈಪ್ ಮಾಡು. ಅದರಲ್ಲಿ 1-48 ಅಂತಿದೆ, ಅಷ್ಟು ಪುಟ ಮಾತ್ರ ತಿರುಗಬೇಕು, ಅದನ್ನ ಬಿಟ್ಟೀಯ! ಹೊಸ ಹೆಸರಲ್ಲಿ ಉಳಿಸು. ಮೂಲದ ಮೇಲೇ ಉಳಿಸಿದೆಯೋ, ನನ್ನ ಹತ್ತಿರ ಮಾತಾಡಬೇಡ. ಬೈಂಡಿಂಗ್‌ನವರು ಮಧ್ಯಾಹ್ನದೊಳಗೆ ಕೇಳಿದ್ದಾರೆ.

ಆ ನಲವತ್ತೆಂಟು ಯಾಕೆ ಅಡ್ಡ ಇದ್ದವು ಅಂತ ನಿನಗೂ ಗೊತ್ತು. ಹಾಸಿಗೆ ಹಿಡಿದ ಮೇಲೆ ಅಪ್ಪ ಎಡಮಗ್ಗುಲಲ್ಲಿ ಮಲಗಿ, ಪುಸ್ತಕಾನೂ ಪಕ್ಕದಲ್ಲಿ ಅಡ್ಡ ಒರಗಿಸಿಕೊಂಡು, ಫೋನಲ್ಲಿ ಫೋಟೋ ತೆಗೀತಿದ್ದರು.

ಕೊನೆಯ ಆರು ಮೂಲದಲ್ಲೇ ನೆಟ್ಟಗಿವೆ. ಯಾಕೆ ಅಂತ ಫೋಟೋಗಳ ತಾರೀಖು ನೋಡಿದೆ. ಅಪ್ಪ ಇನ್ನು ಏಳೋದಿಲ್ಲ ಅಂತ ನಾವಿಬ್ಬರೂ ಗಾಲಿಕುರ್ಚಿ ತರೋಕೆ ಹೋಗಿದ್ದೆವಲ್ಲ, ಆ ಮಧ್ಯಾಹ್ನದವು. ಅಪ್ಪ ಅವತ್ತು ತಾವೇ ಎದ್ದು ಕೂತಿದ್ದರು ಕಣೋ. ನಾವು ಕುರ್ಚಿ ಹೊತ್ತು ಬರೋ ಹೊತ್ತಿಗೆ ಮತ್ತೆ ಮಲಗಿದ್ದರು. ಆಮೇಲೆ ನಾಲ್ಕೇ ದಿನ ಇದ್ದದ್ದು.

ಆ ಆರು ಪುಟ ಹಾಗೇ ಇರಲಿ. ಎದ್ದು ಕೂತವರನ್ನ ಮತ್ತೆ ಮಲಗಿಸಬೇಡ.

ಅಕ್ಕ