ಪಂಚಮಿಗೆ ಇವರನ್ನೂ ಕರೆ, ಅವ್ವ

ಕೇಶ್ವಾಪುರ, ಹುಬ್ಬಳ್ಳಿ
ಜುಲೈ ೧೩, ಭಾನುವಾರ

ನನ್ನ ಸಿಟ್ಟಿನ, ಸಕ್ಕರೆಯಂಥ ಅವ್ವನಿಗೆ,

ಇವರ ಹೆಸರು ನನ್ನ ಬಾಯಿಂದ ಬಂದ ಕೂಡಲೇ "ಒಲಿ ಮ್ಯಾಲ ಹಾಲಿಟ್ಟೇನಿ" ಎಂದು ನೀನು ಫೋನು ಇಟ್ಟುಬಿಡುತ್ತೀ. ದಿನಕ್ಕೆ ಎಷ್ಟು ಸಲ ಹಾಲು ಕಾಯಿಸುತ್ತೀ, ಅವ್ವ? ಅದಕ್ಕೇ ಈ ಪತ್ರ. ಕಾಗದವನ್ನು ನೀನು ಅರ್ಧಕ್ಕೆ ಬಿಡುವುದಿಲ್ಲ. ಮದುವೆಯ ಆಮಂತ್ರಣವನ್ನೂ ಪ್ರೆಸ್ಸಿನ ಹೆಸರಿನವರೆಗೆ ಓದುವವಳು ನೀನು. ನನ್ನ ಕನ್ನಡ ನೋಡಿ ನಗಬೇಡ. ಇಂಗ್ಲಿಷ್ ಮೀಡಿಯಮ್ಮಿಗೆ ಹಾಕಿದವಳು ನೀನೇ. ಮಾತಾಡಿದರೆ ನಮ್ಮೂರು ಉಪ್ಪಿನಬೆಟಗೇರಿಯ ಮಾತು ಬರುತ್ತದೆ, ಬರೆಯಲು ಕೂತರೆ ಪಠ್ಯಪುಸ್ತಕ ಬರುತ್ತದೆ.

ಮೊದಲು ಒಳ್ಳೆಯ ಸುದ್ದಿ. ನಾನು ಬಹಳ, ಬಹಳ ಸುಖವಾಗಿದ್ದೇನೆ! ಆಷಾಢಕ್ಕೆ ತವರಿಗೆ ಬಾ ಎಂದಾಗ ಶಾಲೆಯಲ್ಲಿ ರಜೆ ಕೊಡುವುದಿಲ್ಲ ಎಂದೆನಲ್ಲ, ಅದು ಸುಳ್ಳು. ನಾನು ರಜೆ ಕೇಳಿರಲೇ ಇಲ್ಲ. ಇವರನ್ನು ಬಿಟ್ಟಿರಲು ನನ್ನಿಂದ ಆಗಲಿಲ್ಲ. ಬೆಳಿಗ್ಗೆ ಹಲ್ಲುಜ್ಜುವ ಬ್ರಶ್ಶನ್ನೇ ಮೈಕು ಮಾಡಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಲ್ಲುತ್ತಾರೆ. ಕುಕ್ಕರು ಸೀಟಿ ಹೊಡೆದರೆ "ಹಿಂದ ಕುಂತವರು ಸೀಟಿ ಹೊಡಿಬ್ಯಾಡ್ರಿ" ಅನ್ನುತ್ತಾರೆ. ನಾನು ನಕ್ಕು ನಕ್ಕು ಅನ್ನ ತಳ ಹಿಡಿಸಿದ್ದೇನೆ. ಹಗಲೆಲ್ಲ ಪೈಪು ನಲ್ಲಿ ಮಾರುವ ಅಂಗಡಿ, ಸಂಜೆಗೆ ಹಾಸ್ಯದ ಸ್ಟೇಜು. ನಿಶ್ಚಯವಾದಾಗ ನೀನೇ ಓಣಿಗೆಲ್ಲ ಹೇಳಿಕೊಂಡು ಬಂದೆ, "ನನ್ನ ಅಳಿಯಾ ಮಂದೀನ್ನ ನಗಸ್ತಾನ್ರಿ, ಪುಣ್ಯೇದ ಕೆಲಸ" ಎಂದು.

ಅದೇ ನೀನು ಈಗ "ಪಂಚಮಿಗೆ ನೀ ಒಬ್ಬಾಕೀನ ಬಾ, ಅಂವ ನನ್ನ ಹೊಸ್ತಿಲಾ ತುಳಿಯೂದು ಬ್ಯಾಡ" ಎಂದುಬಿಟ್ಟೆ. ಮದುವೆಯಾದ ಮೊದಲ ಪಂಚಮಿ, ಅವ್ವ. ಅಳಿಯನಿಲ್ಲದೆ ಮಗಳೊಬ್ಬಳೇ ಬಂದು ಜೋಕಾಲಿ ಜೀಕಿದರೆ ಓಣಿಯವರು ಏನು ತಿಳಿಯುತ್ತಾರೋ, ಇರಲಿ. ನನಗೆ ನಿನ್ನ ಶೇಂಗಾ ಉಂಡಿ ಗಂಟಲಲ್ಲಿ ಇಳಿಯುವುದಿಲ್ಲ.

ಓಣಿಯ ಮಂದಾಕಿನಿ ಅಕ್ಕ ತನ್ನ ಫೋನಿನಲ್ಲಿ ನಿನಗೆ ಇವರ ಕಾರ್ಯಕ್ರಮದ ಆ ವಿಡಿಯೋ ತುಣುಕು ತೋರಿಸಿದಳಂತೆ. ನಿನ್ನ ಸಿಟ್ಟು ನನಗೆ ತಿಳಿಯುವುದಿಲ್ಲ ಎನ್ನಬೇಡ. ಮೇ ತಿಂಗಳ ಗಾಳಿಮಳೆಗೆ ಧಾರವಾಡದ ಬಸ್‌ಸ್ಟಾಪಿನ ಮೇಲೆ ಜಾಹೀರಾತಿನ ಬೋರ್ಡು ಬಿದ್ದು ಐದು ಜನ ಹೋದರು, ಅವರಲ್ಲಿ ನಿನ್ನ ಬೆನ್ನಿಗೆ ಬಿದ್ದ ತಮ್ಮ ಗುರುಪಾದ ಮಾಮಾ ಒಬ್ಬ. ಎರಡು ತಿಂಗಳೂ ತುಂಬಿಲ್ಲ. ಅಂಥದರಲ್ಲಿ ನಿನ್ನ ಅಳಿಯ ತುಂಬಿದ ಸಭೆಯಲ್ಲಿ ನಿಂತು ಹೇಳಿದರು: "ನಮ್ಮ ಮಾಮಾ ಹುಟ್ಟಿದಾಗಿಂದ ಒಂದ ಬಸ್ಸೂ ಟೈಮಿಗೆ ಹಿಡದಾಂವಲ್ರಿ. ಇದೊಂದಕ್ಕಷ್ಟ ಯಾಕ ಇಷ್ಟ ಲಗೂ ಹೋದ್ನೋ, ಆ ಶಿವನಿಗೇ ಗೊತ್ತು." ಜನ ಗೊಳ್ಳೆಂದು ನಕ್ಕರು. ಮಂದಾಕಿನಿ ಅಕ್ಕನ ತುಣುಕು ಅಲ್ಲಿಗೆ ಮುಗಿಯುತ್ತದೆ.

ನಾನು ಎರಡನೇ ಸಾಲಿನಲ್ಲಿದ್ದೆ. ನಿಜ ಹೇಳುತ್ತೇನೆ, ಆ ಕ್ಷಣ ನಾನೂ ತಲೆ ತಗ್ಗಿಸಿದೆ. ಆದರೆ ಮುಂದಿನದನ್ನು ಕೇಳು, ಅದನ್ನು ಯಾರೂ ಫೋನಿನಲ್ಲಿ ಹಾಕಿಲ್ಲ. ಧಾರವಾಡದ ಹತ್ತಿರದ ಬೇಲೂರಿನ ಕಾರ್ಖಾನೆಗೆ ಮಾಮಾ ಹೋಗುತ್ತಿದ್ದ ಬಸ್ಸಿನ ಡ್ರೈವರು ಗೌಸಮೊದ್ದೀನ ಚಾಚಾ ನಿನಗೆ ಗೊತ್ತಲ್ಲ. ಇವರು ಧ್ವನಿ ಇಳಿಸಿ ಹೇಳಿದರು, "ಚಾಚಾ ದಿನಾ ಸ್ಟಾಪಿಗೆ ಬಂದು ಮಾಮಾನ ಸಲುವಾಗಿ ಹಾರ್ನ್ ಹೊಡಿತಿದ್ರು. ಈಗೂ ಅಲ್ಲಿ ಬಂದಕೂಡ್ಲೆ ಅವರ ಕೈ ತಾನಾಗೇ ಹಾರ್ನಿಗೆ ಹೋಗತೈತಿ. ಬಸ್ಸಿನ್ಯಾಗ ಕುಂತವರು ಯಾರೂ ಯಾಕ್ರೀ ಅಂತ ಕೇಳೂದಿಲ್ಲ." ಈಗ ತಾನೇ ನಕ್ಕ ಜನವೇ ಸೊರಸೊರ ಮೂಗು ಒರೆಸಿಕೊಂಡರು, ಅವ್ವ! ನನ್ನ ಮುಂದೆ ಕೂತ ಗಂಡಸು ಕನ್ನಡಕ ತೆಗೆದು ಅಂಗಿಯಿಂದ ಕಣ್ಣು ಒರೆಸಿಕೊಂಡ. ಮಾಮಾನನ್ನು ಕಾಣದವರೂ ಮಾಮಾನಿಗಾಗಿ ಅತ್ತರು. ಇದನ್ನು ನಗೆಗೇಡು ಅನ್ನುತ್ತೀಯಾ?

ಇನ್ನೊಂದು ಸಂಗತಿ ನಿನಗೆ ತಿಳಿದಿಲ್ಲ. ಕಾರ್ಯಕ್ರಮಕ್ಕೆ ವಾರ ಮೊದಲೇ ಇವರು ಧಾರವಾಡಕ್ಕೆ ಹೋಗಿ ಮಾಮಾನ ಹೆಂಡತಿಯನ್ನು, ನಮ್ಮ ಭಾಗ್ಯಶ್ರೀ ಅತ್ತಿಯನ್ನು, ಕೇಳಿದ್ದರು. ನಾನೂ ಜೊತೆಗಿದ್ದೆ. ಅಡುಗೆಮನೆಯಲ್ಲಿ ಮಣೆಯ ಮೇಲೆ ಕೂತು, ಸ್ಟೇಜಿನಲ್ಲಿ ಹೇಳಬೇಕೆಂದಿದ್ದನ್ನೆಲ್ಲ ಆಕೆಯ ಮುಂದೆ ಹೇಳಿ, "ಅತ್ತಿ, ಇದರಾಗ ನಿಮಗ ಚುಚ್ಚೂದು ಏನರ ಇದ್ರ ಹೇಳ್ರಿ, ತಗದ ಬಿಡ್ತೇನಿ" ಎಂದರು. ಅತ್ತಿ ಹೆಸರುಕಾಳು ಆರಿಸುತ್ತ ತಲೆ ಎತ್ತದೆ ಕೇಳಿದಳು. ನನಗೋ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಕೊನೆಗೆ ಅತ್ತಿ ಅಂದಳು, "ಚಪ್ಪಲಿ ಸುದ್ದಿ ಬಿಟ್ಟಿರಲ್ರೀ. ಒಂದು ಕಾಲಾಗ, ಒಂದು ಕೈಯಾಗ ಹಿಡಕೊಂಡು ಓಡತಿದ್ರು. ಅದನ್ನೂ ಸೇರಸ್ರಿ." ಆಮೇಲೆ ನನ್ನ ಕಡೆ ತಿರುಗಿದಳು. "ಸೌಮ್ಯಾ, ಬಂದವರೆಲ್ಲಾ ನನ್ನ ಮುಂದ ಮಾರಿ ಸಣ್ಣದು ಮಾಡಿಕೊಂಡು ಕುಂದರತಾರ. ಯಾರೂ ಅವರ ಸುದ್ದಿ ತಗಿಯೂದಿಲ್ಲ. ಈಗ ಇವರು ಹೇಳೂಮುಂದ ನನಗ ಅವರು ಓಡಿ ಹೋಗೂದು ಕಂಡಂಗಾತು." ಆ ದಿನ ನಮ್ಮನ್ನು ಊಟ ಮಾಡಿಸದೆ ಕಳಿಸಲಿಲ್ಲ.

ಇವರು ಮಾಡಿದ್ದೆಲ್ಲ ಸರಿ ಎಂದು ನಾನು ಕುಣಿಯುತ್ತಿಲ್ಲ. (ಸ್ವಲ್ಪ ಕುಣಿಯುತ್ತಿದ್ದೇನೆ.) ಅಂದು ಎಲ್ಲಕ್ಕಿಂತ ದೊಡ್ಡ ನಗೆ ಬಂದದ್ದು ಬೇರೆ ಮಾತಿಗೆ. "ಬೋರ್ಡು ಬಿದ್ದು ಐದು ಮಂದಿ ಸತ್ರು. ಅವರಿಗೆ ಶ್ರದ್ಧಾಂಜಲಿ ಅಂತ ಅದ ಜಾಗಾದಾಗ ಅದಕ್ಕಿಂತ ದೊಡ್ಡ ಬೋರ್ಡು ಕಟ್ಟ್ಯಾರ್ರಿ! ಲೀಡರಂದು ಫೋಟೋ ಬಾಗಿಲದಷ್ಟು, ಸತ್ತವರದು ಪೋಸ್ಟಿನ ತಿಕೀಟಿನಷ್ಟು. ಅದರ ಬುಡಕ ನಿಂತು ಬಸ್ಸಿಗೆ ಕಾಯಾಕತ್ತೇವಿ." ಚಪ್ಪಾಳೆ ನಿಲ್ಲಲೇ ಇಲ್ಲ. ನನಗೂ ಎಷ್ಟು ಹೆಮ್ಮೆಯಾಯಿತು!

ಕಾರ್ಯಕ್ರಮ ಮುಗಿದ ಮೇಲೆ ಬಾಗಿಲ ಹತ್ತಿರ ಒಬ್ಬರು ಕಾಯುತ್ತಿದ್ದರು. ಹೆಸರು ಇಕ್ಬಾಲ. ಮೇ ತಿಂಗಳಲ್ಲಿ ಬಿದ್ದ ಆ ಬೋರ್ಡಿನ ಕೆಳಗೇ ಅವರ ಅಣ್ಣನೂ ಹೋದರು. ಅವರು ಜಗಳ ಮಾಡಲಿಲ್ಲ. "ನಿಮ್ಮ ಮಾಮಾನ ಸುದ್ದಿ ನೀವು ಹೇಳ್ರಿ ಸರ್, ನಿಮ್ಮ ಹಕ್ಕದು. ಆದ್ರ ಬೋರ್ಡಿನ ಮಾತಿಗೆ ಎಲ್ಲಾರೂ ನಕ್ಕಾಗ ನನಗ ಅದರ ಬುಡಕ ನಮ್ಮಣ್ಣನ ಕೈ ಕಂಡಿತು" ಎಂದರು. ಇವರು ಅವರ ಎರಡೂ ಕೈ ಹಿಡಿದುಕೊಂಡರು. ಮನೆಗೆ ಬಂದು, ಸತ್ತವರನ್ನಲ್ಲ, ಆ ಲೀಡರುಗಳನ್ನು ನೀವು ನಗೆಮಾಡಿದ್ದು ಎಂದು ನಾನೇ ವಾದ ಮಾಡಿದೆ. "ಖರೇ ಐತಿ. ಆದ್ರ ಆ ಇಕ್ಬಾಲ ಅಲ್ಲಿ ಕುಂತು ನಗಲಾರದಾಂವ. ಅವನ ಬೆನ್ನ ಮ್ಯಾಲ ನಿಂತು ನಾ ಮಂದೀನ್ನ ಹೆಂಗ ನಗಸ್ಲಿ?" ಎಂದರು. ಮರುದಿನದಿಂದ ಆ ಮಾತು ಬಿಟ್ಟೇಬಿಟ್ಟರು. ಚಪ್ಪಾಳೆ ಬರುವ ಮಾತನ್ನು ಬಿಡುವುದು ಸ್ಟೇಜಿನವರಿಗೆ ಎಷ್ಟು ಕಷ್ಟ ಎಂದು ನಿನಗೇನು ಗೊತ್ತು! ನನ್ನ ಗಂಡ ಎಂಥವರು ಎಂದು ಅಂದು ನನಗೆ ಎರಡನೇ ಸಲ ತಿಳಿಯಿತು. ಮೊದಲನೇ ಸಲ ಯಾವಾಗ ಎಂದು ಕೇಳಬೇಡ, ನಾಚಿಕೆಯಾಗುತ್ತದೆ.

ನೀನು ಅವರ ಬಗ್ಗೆ ಏನೆಲ್ಲ ಅಂದೆ ಎಂಬುದು ಅವರಿಗೆ ಗೊತ್ತು. "ಅತ್ತೆಯವರು ಬೈಲಿ. ತಮ್ಮನ್ನ ಕಳಕೊಂಡಾರ, ಯಾರಿಗರ ಬೈಬೇಕಲ್ಲ" ಎನ್ನುತ್ತಾರೆ. ಅವರ ಹತ್ತಿರ ಒಂದು ಉತ್ತರವಿದೆ, ಅದನ್ನು ಕೇಳಿದರೆ ನಿನ್ನ ಸಿಟ್ಟು ಒಂದು ನಿಮಿಷವೂ ಉಳಿಯುವುದಿಲ್ಲ. ಅದನ್ನು ಅವರು ಹೇಳುವುದಿಲ್ಲ, ನಾನೂ ಹೇಳಕೂಡದಂತೆ. ಆದ್ದರಿಂದ ಅದು ಇಲ್ಲದೆಯೇ ನಿನ್ನನ್ನು ಕೇಳುತ್ತಿದ್ದೇನೆ. ಪ್ರತಿ ವರ್ಷ ಪಂಚಮಿಗೆ ನಿನ್ನನ್ನು ಕರೆಯಲು ಮಾಮಾ ಬರುತ್ತಿದ್ದ, ಅದೂ ಹಬ್ಬ ಮುಗಿದ ಮರುದಿನ. ಈ ಸಲ ಬಾಗಿಲು ನೋಡುತ್ತ ನೀನೊಬ್ಬಳೇ ಕೂರುವುದು ನನಗೆ ಬೇಡ. ನಾವಿಬ್ಬರೂ ಬರುತ್ತೇವೆ ಎನ್ನು. ಒಂದು ಮಾತು ಸಾಕು.

ಒಬ್ಬಳೇ ಬರಲು ಮನಸ್ಸಿಲ್ಲದ ನಿನ್ನ ಮಗಳು,
ಸೌಮ್ಯಾ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದ್ದೇನೆ. ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ, ನಿನಗೆ ಗೊತ್ತು. ಮಣ್ಣು ಮಾಡುವ ಮೊದಲು ಮಾಮಾನನ್ನು ಅಂಗಳದಲ್ಲಿ ಕೂಡಿಸಿದ್ದರಲ್ಲ, ನೀನು ಅವನ ಮೊಣಕಾಲು ಹಿಡಿದು ಹಾಡಿಕೊಂಡು ಅತ್ತೆ. "ಹುಟ್ಟಿದಾಗಿಂದ ಒಂದ ಬಸ್ಸರ ಟೈಮಿಗೆ ಹಿಡದೀಯೇನೋ ನನ ತಮ್ಮಾ, ಇದೊಂದಕ್ಕಷ್ಟ ಯಾಕ ಇಷ್ಟ ಲಗೂ ಹೋದ್ಯೋ" ಅಂದವಳು ನೀನು, ಅವ್ವ. ಅತ್ತಿ ಬಾಯಿಗೆ ಸೆರಗು ತುರುಕಿಕೊಂಡಳು. ಅಳುತ್ತಿದ್ದಾಳೆ ಎಂದು ಎಲ್ಲರೂ ತಿಳಿದರು. ನಾನು ಪಕ್ಕದಲ್ಲಿದ್ದೆ, ಅವಳು ನಗುತ್ತಿದ್ದಳು. ಅಲ್ಲಿಯವರೆಗೆ ಅವಳ ಕಣ್ಣಲ್ಲಿ ಒಂದು ಹನಿ ಇರಲಿಲ್ಲ, ಆ ನಗೆಯ ಹಿಂದೆಯೇ ಅಳು ಬಂತು. ನಿನಗೆ ಆ ದಿನದ್ದು ಏನೂ ನೆನಪಿಲ್ಲ. "ಅವರಿಗೆ ಹೇಳಬ್ಯಾಡ, ತಮ್ಮನ ಮುಂದ ಮಂದೀನ್ನ ನಗಿಸಿದೆ ಅಂತ ಕೊರಗತಾರ. ನಾ ಬೈಸ್ಕೋತೇನಿ" ಎಂದು ಇವರು ನನ್ನಿಂದ ಮಾತು ತೆಗೆದುಕೊಂಡಿದ್ದಾರೆ. ಕೊರಗಬೇಡ. ಹಾಗೆಯೇ, ಪಂಚಮಿಗೆ ಬಂದಾಗ ಹೊಸ್ತಿಲಲ್ಲಿ ಅವರನ್ನು ಒಂದಿಷ್ಟು ಬೈದು ಒಳಗೆ ಕರೆ. ಇಲ್ಲದಿದ್ದರೆ ನಾನು ಹೇಳಿದೆನೆಂದು ಗೊತ್ತಾಗಿಬಿಡುತ್ತದೆ.